ಹೆರಿಗೆ ಎಣಿಸಿ ವೈದ್ಯರನ್ನು ಎತ್ತಬೇಡಿ

ಹೆರಿಗೆ ಕಡಿಮೆ ಇರುವ ಸಮುದಾಯ ಆರೋಗ್ಯ ಕೇಂದ್ರಗಳಿಂದ ಪ್ರಸೂತಿ, ಅರಿವಳಿಕೆ ಮತ್ತು ಮಕ್ಕಳ ತಜ್ಞರನ್ನು ತೆಗೆದು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸಲು ರಾಜ್ಯದ ಆರೋಗ್ಯ ಇಲಾಖೆ ಹೊರಟಿದೆ. ಇಲಾಖೆ ಕೊಡುವ ಕಾರಣ ಮೇಲ್ನೋಟಕ್ಕೆ ಒಪ್ಪುವಂತೆಯೇ ಇದೆ. ಇರುವ ತಜ್ಞರು ಕೆಲವೇ ಮಂದಿ. ಅವರನ್ನು ಅಲ್ಲೊಬ್ಬರು ಇಲ್ಲೊಬ್ಬರು ಎಂದು ಹಂಚಿದರೆ ನಡುರಾತ್ರಿ ಎಲ್ಲಿಯೂ ಸಿಸೇರಿಯನ್ ಆಗುವುದಿಲ್ಲ. ಒಂದೆಡೆ ಸೇರಿಸಿದರೆ ತಾಲ್ಲೂಕಿಗೆ ಒಂದಾದರೂ ಹಗಲಿರುಳು ನಡೆಯುವ ಹೆರಿಗೆ ಆಸ್ಪತ್ರೆ ಸಿಗುತ್ತದೆ, ತಾಯಂದಿರ ಸಾವು ತಗ್ಗುತ್ತದೆ. ಈ ಗುರಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಯಾವ ಕೇಂದ್ರದಿಂದ ವೈದ್ಯರನ್ನು ಎತ್ತಬೇಕು ಎಂದು ತೀರ್ಮಾನಿಸಲು ಹೆರಿಗೆಯ ಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡಿರುವುದು ತಪ್ಪು. ತಜ್ಞರ ಹುದ್ದೆ ತುಂಬದೆ ಒಮ್ಮೆ ಅನ್ಯಾಯಕ್ಕೆ ಗುರಿಮಾಡಿದ ಜನಕ್ಕೇ ಇದು ಇನ್ನೊಂದು ಅನ್ಯಾಯ.

ಲೆಕ್ಕ ಹಾಕಿ ನೋಡಿ. ಸಮುದಾಯ ಆರೋಗ್ಯ ಕೇಂದ್ರವೆಂದರೆ ನಾಲ್ಕಾರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲಿರುವ, 30 ಹಾಸಿಗೆಯ ಆಸ್ಪತ್ರೆ. ಬಯಲುಸೀಮೆಯಲ್ಲಿ 1,20,000 ಜನಕ್ಕೊಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 80,000 ಜನಕ್ಕೊಂದು ಇರಬೇಕೆಂಬುದು ಕೇಂದ್ರ ಸರ್ಕಾರವೇ ಮಾಡಿದ ನಿಯಮ. ಕರ್ನಾಟಕದ ಜನನ ಪ್ರಮಾಣ ಸಾವಿರಕ್ಕೆ 16ರ ಆಸುಪಾಸಿನಲ್ಲಿದೆ. ಹಾಗಾದರೆ ಬಯಲುಸೀಮೆಯ ಒಂದು ಕೇಂದ್ರದ ವ್ಯಾಪ್ತಿಯಲ್ಲಿ ತಿಂಗಳಿಗೆ ಸುಮಾರು 160 ಮಕ್ಕಳು ಹುಟ್ಟುತ್ತವೆ, ಗುಡ್ಡಗಾಡಿನಲ್ಲಿ ನೂರಕ್ಕೂ ಹೆಚ್ಚು. ಅಂಥ ಕಡೆ ತಿಂಗಳಿಗೆ ಇಪ್ಪತ್ತೋ ಇಪ್ಪತ್ತೈದೋ ಹೆರಿಗೆ ದಾಖಲಾಗಿದೆ ಎಂದರೆ ಇಲಾಖೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಉಳಿದ ಬಸುರಿಯರು ಎಲ್ಲಿಗೆ ಹೋದರು?

ಅವರು ಮನೆಯಲ್ಲಿ ಹೆರುತ್ತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019–21) ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಕೆಲವರು ಪ್ರಾಥಮಿಕ ಕೇಂದ್ರದಲ್ಲಿ, ಕೆಲವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಹೆರುತ್ತಾರೆ. ಇನ್ನು ದೊಡ್ಡ ಸಂಖ್ಯೆಯವರು ಖಾಸಗಿ ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ಅದೇ ಸಮೀಕ್ಷೆ ಹೇಳುವಂತೆ ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಆಗುವ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್. ಕೂಲಿಯ ಮನೆಯೊಂದು ಆ ಬಿಲ್ಲು ಕಟ್ಟಲು ಕಿವಿಯೋಲೆ ಅಡ ಇಡುತ್ತದೆ, ಕೈಸಾಲ ಮಾಡುತ್ತದೆ. 2011ರಿಂದಲೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿ ಎಲ್ಲ ಹೆರಿಗೆಯೂ ಉಚಿತ. ಔಷಧ, ರಕ್ತ, ಊಟ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ. ಇಷ್ಟಿದ್ದೂ ಬಡವರು ದುಡ್ಡು ಕೊಟ್ಟು ಬೇರೆ ಕಡೆ ಹೋಗುತ್ತಿದ್ದಾರೆ ಎಂದರೆ ಉಚಿತವೆಂದು ಬರೆದ ಬಾಗಿಲ ಹಿಂದೆ ವೈದ್ಯರಿಲ್ಲ ಎಂದೇ ಅರ್ಥ.

ಇದು ಹೇಗೆ ಆಗುತ್ತದೆಂದು ಹಳ್ಳಿಯ ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ಕೇಂದ್ರಕ್ಕೆ ಒಬ್ಬರೇ ಪ್ರಸೂತಿ ತಜ್ಞೆ. ಅವರು ರಜೆ ಹಾಕಿದ ದಿನ, ಟ್ರೈನಿಂಗಿಗೆ ಹೋದ ದಿನ, ಇನ್ನೊಂದು ಆಸ್ಪತ್ರೆಗೆ ನಿಯೋಜನೆ ಮೇಲೆ ಹೋದ ವಾರ ಲೇಬರ್ ರೂಮಿನಲ್ಲಿ ನರ್ಸ್ ಮಾತ್ರ ಇರುತ್ತಾರೆ. ಪ್ರಸೂತಿ ತಜ್ಞೆ ಇದ್ದರೂ ಅನಸ್ತೇಶಿಯಾ ಡಾಕ್ಟರ್ ಇಲ್ಲದಿದ್ದರೆ ಆಪರೇಷನ್ ಇಲ್ಲ. ಇಬ್ಬರೂ ಇದ್ದು ರಕ್ತ ಸಂಗ್ರಹ ಘಟಕ ಇಲ್ಲದಿದ್ದರೆ ಅಪಾಯದ ಕೇಸು ಮುಟ್ಟಲು ಅವರಿಗೂ ಭಯ. ಹಾಗಾಗಿ ‘ರೆಫರ್’ ಎಂದು ಚೀಟಿ ಬರೆದುಕೊಡುತ್ತಾರೆ. ಒಂದು ಬೀದಿಯಲ್ಲಿ ಇಬ್ಬರಿಗೆ ಹೀಗಾದರೆ ಮೂರನೆಯವಳ ಅತ್ತೆ ‘ಅಲ್ಲಿಗೆ ಹೋಗಿ ಏನು ಮಾಡೋದು, ಕೊನೆಗೆ ಕಳಿಸೋದು ಹೇಗೂ ದೊಡ್ಡಾಸ್ಪತ್ರೆಗೇ’ ಎಂದು ನೇರವಾಗಿ ಪಟ್ಟಣದ ಗಾಡಿ ಹತ್ತಿಸುತ್ತಾಳೆ. ಆಕೆ ಮಾಡಿದ್ದು ಸರಿಯೇ. ಆದರೆ ಕೇಂದ್ರದ ರಿಜಿಸ್ಟರಿನಲ್ಲಿ ಆ ತಿಂಗಳು ಹೆರಿಗೆ ಕಡಿಮೆಯಾಗುತ್ತದೆ. ಈಗ ಇಲಾಖೆ ಅದೇ ರಿಜಿಸ್ಟರ್ ತೆರೆದು, ಇಲ್ಲಿ ಹೆರಿಗೆಯೇ ಇಲ್ಲ, ತಜ್ಞರು ಯಾಕೆ ಬೇಕು ಎನ್ನುತ್ತಿದೆ. ಹುದ್ದೆ ಖಾಲಿ ಇಟ್ಟದ್ದರ ಫಲವನ್ನು ಹುದ್ದೆಯನ್ನೇ ಕಸಿಯಲು ಸಾಕ್ಷಿಯಾಗಿ ಬಳಸಲಾಗುತ್ತಿದೆ.

ಇದು ನಮ್ಮೊಬ್ಬರ ಕಥೆಯಲ್ಲ. 2022ರ ಮಾರ್ಚ್ ಅಂತ್ಯಕ್ಕೆ ಕೇಂದ್ರ ಆರೋಗ್ಯ ಸಚಿವಾಲಯವೇ ಕೊಟ್ಟ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರ ಪೈಕಿ ಸುಮಾರು ಶೇ 80ರಷ್ಟು ಕೊರತೆ ಇತ್ತು. ಪ್ರಸೂತಿ ತಜ್ಞರ ಕೊರತೆ ಶೇ 74, ಶಸ್ತ್ರಚಿಕಿತ್ಸಕರದ್ದು ಶೇ 83. ಇಷ್ಟು ಬರಿದಾದ ವ್ಯವಸ್ಥೆಯ ಮುಂದೆ ಎರಡು ದಾರಿಗಳಿವೆ. ಬರಿದಾದದ್ದನ್ನು ತುಂಬುವುದು ಒಂದು. ಬರಿದಾದದ್ದನ್ನೇ ನಿಯಮವೆಂದು ಒಪ್ಪಿ ಉಳಿದವರನ್ನೂ ಮೇಲಕ್ಕೆ ಎಳೆದುಕೊಳ್ಳುವುದು ಇನ್ನೊಂದು. ನಮ್ಮ ಇಲಾಖೆ ಎರಡನೆಯದನ್ನು ಆಯ್ದುಕೊಂಡಿದೆ.

ಈಗ ಸಮಯದ ಮಾತಿಗೆ ಬರೋಣ. ಹೆರಿಗೆಯ ನಂತರ ವಿಪರೀತ ರಕ್ತಸ್ರಾವ ಶುರುವಾದರೆ, ಚಿಕಿತ್ಸೆ ಸಿಗದ ತಾಯಿ ಸರಾಸರಿ ಎರಡು ಗಂಟೆಯಲ್ಲಿ ಸಾಯುತ್ತಾಳೆ ಎಂಬುದು ಪ್ರಸೂತಿ ವೈದ್ಯಕೀಯದಲ್ಲಿ ದಶಕಗಳಿಂದ ಗೊತ್ತಿರುವ ಸಂಗತಿ. ಯಾವ ಬಸುರಿಗೆ ಹಾಗಾಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ತಾಯಿ ಕಾರ್ಡಿನಲ್ಲಿ ಎಲ್ಲವೂ ಸರಿ ಇದ್ದವಳಿಗೂ ಆಗಬಹುದು. ಆ ಎರಡು ಗಂಟೆಯಲ್ಲಿ 108ಕ್ಕೆ ಕರೆ ಮಾಡಬೇಕು, ಗಾಡಿ ಬರಬೇಕು, ಹಳ್ಳಿಯಿಂದ ಹೊರಡಬೇಕು, ಆಸ್ಪತ್ರೆಯಲ್ಲಿ ರಕ್ತ ಸಿಗಬೇಕು. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್. ಘಾಟಿಯ ತಿರುವು, ಕಾಡು, ರಾತ್ರಿಯಾದರೆ ಆನೆ. ಬೆಟ್ಟದ ಆಚೆಗಿನ ಪೋಡುಗಳಿಂದ, ಅಂದರೆ ಬುಡಕಟ್ಟು ಜನರ ಹಾಡಿಗಳಿಂದ, ರಸ್ತೆಗೆ ಬರುವುದೇ ಒಂದು ಪ್ರಯಾಣ. ಉತ್ತರ ಕನ್ನಡದ ಜೋಯಿಡಾದಲ್ಲಿ ಮಳೆಗಾಲದ ರಾತ್ರಿ ಹೇಗಿರುತ್ತದೆಂದು ಅಲ್ಲಿಯವರೇ ಹೇಳಬೇಕು. ಬೆಂಗಳೂರಿನ ಕಚೇರಿಯಲ್ಲಿ ಕೂತು ನಕ್ಷೆ ನೋಡಿದರೆ ಎಲ್ಲ ತಾಲ್ಲೂಕು ಕೇಂದ್ರಗಳೂ ಹತ್ತಿರವೇ ಕಾಣುತ್ತವೆ.

ತಾಲ್ಲೂಕಿಗೆ ಒಂದು ಆಸ್ಪತ್ರೆ ಎಂಬ ಮಾತಿನಲ್ಲೂ ತೊಡಕಿದೆ. 2018ರಲ್ಲಿ ಹೊಸ ತಾಲ್ಲೂಕುಗಳು ಹುಟ್ಟಿದವು: ಹನೂರು, ಮಸ್ಕಿ, ಸಿರವಾರ, ಹುಣಸಗಿ, ವಡಗೇರಾ, ಗುರುಮಠಕಲ್ ಮತ್ತಿತರ ಹಲವು. ರಾಜ್ಯದ ತಾಲ್ಲೂಕುಗಳ ಸಂಖ್ಯೆ ಈಗ 230 ದಾಟಿದೆ. ತಾಲ್ಲೂಕು ಆಸ್ಪತ್ರೆಗಳ ಸಂಖ್ಯೆ 150ರ ಆಸುಪಾಸಿನಲ್ಲೇ ನಿಂತಿದೆ. ತಹಶೀಲ್ದಾರರು ಬಂದರು, ಬೋರ್ಡು ಬದಲಾಯಿತು, ಆಸ್ಪತ್ರೆ ಬರಲಿಲ್ಲ. ಅಂಥ ಎಷ್ಟೋ ಕಡೆ ಸಮುದಾಯ ಆರೋಗ್ಯ ಕೇಂದ್ರವೇ ತಾಲ್ಲೂಕಿನ ದೊಡ್ಡಾಸ್ಪತ್ರೆ. ಮೇಲೆ ಹೆಸರಿಸಿದ ಊರುಗಳಲ್ಲಿ ಹೆಚ್ಚಿನವು ಎಲ್ಲಿವೆ ನೋಡಿ: ರಾಯಚೂರು, ಯಾದಗಿರಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿದ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದಲ್ಲೇ ಇದ್ದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷ ಕಳೆದ ಮೇಲೂ ಕಲ್ಯಾಣ ಕರ್ನಾಟಕದ ಹೆಣ್ಣುಮಗಳು ಹೆರಿಗೆ ನೋವಿನಲ್ಲಿ ಹಿಂದಿನ ತಾಲ್ಲೂಕಿಗೇ ಹೋಗಬೇಕೆಂದರೆ ಹೊಸ ತಾಲ್ಲೂಕು ಯಾರಿಗಾಗಿ ಆಯಿತು?

ಇಲಾಖೆಯ ವಾದದಲ್ಲಿ ಒಂದು ಭಾಗ ನಿಜ, ಅದನ್ನು ಒಪ್ಪಲೇಬೇಕು. ಒಬ್ಬ ವೈದ್ಯೆಯಿಂದ 24 ಗಂಟೆ, ವಾರದ ಏಳೂ ದಿನ ಹೆರಿಗೆ ಮಾಡಿಸಲು ಆಗುವುದಿಲ್ಲ. ಹಾಗೆ ದುಡಿಸುವುದು ಆಕೆಗೂ ಅನ್ಯಾಯ, ತಾಯಿಗೂ ಅಪಾಯ. ತಾಲ್ಲೂಕು ಆಸ್ಪತ್ರೆಯಿಂದ ಒಳ್ಳೆಯ ರಸ್ತೆಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ದೂರದಲ್ಲಿರುವ ಕೇಂದ್ರದಿಂದ ತಜ್ಞರನ್ನು ಅಲ್ಲಿಗೆ ಸೇರಿಸಿದರೆ ನಾನು ತಕರಾರು ಮಾಡುವುದಿಲ್ಲ. ಅಲ್ಲಿ ಅದು ಜಾಣತನ. ಆದರೆ ಹತ್ತಿರದ್ದಕ್ಕೂ ದೂರದ್ದಕ್ಕೂ ಹೆರಿಗೆಯ ಒಂದೇ ಸಂಖ್ಯೆಯ ಗೆರೆ ಎಳೆಯುವುದು ಹೇಗೆ ಸರಿ? ಜನವಸತಿ ತೆಳುವಾದ ಕಾಡಂಚಿನಲ್ಲಿ ಹೆರಿಗೆ ಕಡಿಮೆಯೇ ಇರುತ್ತದೆ, ದಾರಿ ಮಾತ್ರ ಉದ್ದ. ಈ ಗೆರೆ ಮೊದಲು ಕೊಯ್ಯುವುದು ಅವರನ್ನೇ. ಕೇಂದ್ರದ ವ್ಯಾಪ್ತಿಯ ಕಟ್ಟಕಡೆಯ ಹಳ್ಳಿಯಿಂದ ಸಿಸೇರಿಯನ್ ಆಗುವ ಮುಂದಿನ ಸರ್ಕಾರಿ ಆಸ್ಪತ್ರೆಗೆ ರಾತ್ರಿ ಹೊತ್ತು ಎಷ್ಟು ಸಮಯ ಬೇಕು? ಅಳೆಯಬೇಕಾದದ್ದು ಇದನ್ನು.

ದೊಡ್ಡ ಆಸ್ಪತ್ರೆಯಾದರೆ ತಾಯಿ ಸುರಕ್ಷಿತ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅದು ಜಿಲ್ಲಾ ಮಟ್ಟದ ಆಸ್ಪತ್ರೆ. ಅಲ್ಲಿ ತಜ್ಞರಿದ್ದರು. ಪ್ರಶ್ನೆ ಎದ್ದದ್ದು ಸರಬರಾಜಾದ ಐ.ವಿ. ದ್ರಾವಣದ ಗುಣಮಟ್ಟದ ಮೇಲೆ.

ತಜ್ಞರನ್ನು ಎತ್ತಿದರೆ ಹೋಗುವುದು ಹೆರಿಗೆ ಮಾತ್ರವಲ್ಲ ಎಂಬುದು ಈ ಚರ್ಚೆಯಲ್ಲಿ ಯಾರ ಬಾಯಲ್ಲೂ ಬರುತ್ತಿಲ್ಲ. ಅರಿವಳಿಕೆ ತಜ್ಞ ಹೊರಟ ದಿನ ಇಡೀ ಆಪರೇಷನ್ ಥಿಯೇಟರಿಗೆ ಬೀಗ ಬೀಳುತ್ತದೆ. ಶಸ್ತ್ರಚಿಕಿತ್ಸಕರಿದ್ದರೂ ಹರ್ನಿಯಾ, ಅಪೆಂಡಿಕ್ಸ್ ಆಗುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕ್ಯಾಂಪ್ ಕಾಯಬೇಕು. ಮಕ್ಕಳ ತಜ್ಞ ಹೋದರೆ ನ್ಯುಮೋನಿಯಾದ ಕೂಸು, ಅಪೌಷ್ಟಿಕತೆಯಿಂದ ಕೃಶವಾದ ಕೂಸು ಮತ್ತೆ ಊರು ಬಿಟ್ಟು ಅಲೆಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರಳ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಬೇಕು, ಅಲ್ಲಿ ಆಗದಿದ್ದರೆ ಮಾತ್ರ ಖಾಸಗಿಗೆ ರೆಫರಲ್ ಎಂಬ ಏರ್ಪಾಡಿದೆ. ಥಿಯೇಟರ್ ಮುಚ್ಚಿದ ಕೇಂದ್ರದಿಂದ ಚೀಟಿಗಳು ಹೆಚ್ಚುತ್ತವೆ. ಆ ಚೀಟಿಯ ಹಿಂದೆ ಸರ್ಕಾರದ ದುಡ್ಡು ಖಾಸಗಿ ಆಸ್ಪತ್ರೆಗೆ ಹರಿಯುತ್ತದೆ. ತನ್ನದೇ ಕೇಂದ್ರದಲ್ಲಿ ಒಬ್ಬ ತಜ್ಞರಿಗೆ ಸಂಬಳ ಕೊಡಲು ಹಿಂಜರಿದ ಸರ್ಕಾರ ಆ ಹಣವನ್ನು ಹೀಗೆ ಕೊಡುತ್ತದೆ.

ತಜ್ಞರನ್ನು ಎಲ್ಲಿಂದ ತರುವುದು ಎಂದು ಕೇಳುವವರಿಗೆ ಉತ್ತರ ಇಲ್ಲದಿಲ್ಲ. ದೇಶದಲ್ಲೇ ಅತಿ ಹೆಚ್ಚು ವೈದ್ಯಕೀಯ ಸೀಟುಗಳಿರುವ ರಾಜ್ಯಗಳಲ್ಲಿ ನಮ್ಮದೊಂದು. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾಯ್ದೆಯನ್ನು ನಮ್ಮ ವಿಧಾನಮಂಡಲ 2012ರಲ್ಲೇ ಮಾಡಿತು. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಪ್ರತ್ಯೇಕ ಕೋಟಾ ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಆ ಮೊಕದ್ದಮೆಗೆ ಹೋರಾಡಿದವರು ತಮಿಳುನಾಡಿನ ಸರ್ಕಾರಿ ವೈದ್ಯರು. ಹಳ್ಳಿಯಲ್ಲಿ ದುಡಿದ ಎಂಬಿಬಿಎಸ್ ವೈದ್ಯರಿಗೆ ಪಿಜಿ ಸೀಟು ಕೊಟ್ಟು, ಓದಿದ ಮೇಲೆ ಮತ್ತೆ ಸರ್ಕಾರಿ ಆಸ್ಪತ್ರೆಗೇ ಬರುವ ದಾರಿಯನ್ನು ಆ ರಾಜ್ಯ ದಶಕಗಳಿಂದ ಕಾಪಾಡಿಕೊಂಡಿದೆ. ಎಂಬಿಬಿಎಸ್ ವೈದ್ಯರಿಗೇ ಕೆಲವು ತಿಂಗಳ ವಿಶೇಷ ತರಬೇತಿ ಕೊಟ್ಟು ತುರ್ತು ಅರಿವಳಿಕೆ ಮತ್ತು ಸಿಸೇರಿಯನ್ ಕಲಿಸುವ ಕಾರ್ಯಕ್ರಮವೂ ದೇಶದಲ್ಲಿದೆ. ನೆರೆ ರಾಜ್ಯಗಳೊಂದಿಗೆ ಹೋಲಿಸಿ ನೋಡಿ: 2018–20ರಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಅತಿ ಹೆಚ್ಚು.

ಅಮೆರಿಕವನ್ನು ಆರೋಗ್ಯ ವ್ಯವಸ್ಥೆಯ ಮಾದರಿ ಎಂದು ನಾನು ಎಂದೂ ಹೇಳಲಾರೆ. ಆದರೂ ಆರೋಗ್ಯ ಕೇಂದ್ರ ಎಲ್ಲಿ ಬೇಕೆಂದು ಅಳೆಯುವ ವಿಷಯದಲ್ಲಿ ಅಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ. 1965ರಲ್ಲಿ ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್ ಎಂಬ ವೈದ್ಯರು ಬಾಸ್ಟನ್ನಿನ ಬಡ ಬಡಾವಣೆಯೊಂದಕ್ಕೂ ಮಿಸಿಸಿಪ್ಪಿಯ ಮೌಂಡ್ ಬಯೂ ಎಂಬ ಕಪ್ಪು ಜನರ ಊರಿಗೂ ಸಮುದಾಯ ಆರೋಗ್ಯ ಕೇಂದ್ರ ಕಟ್ಟುವ ಯೋಜನೆ ಹಾಕಿದರು. ಇವತ್ತು ಅಂಥ ಕೇಂದ್ರಗಳು ಅಲ್ಲಿ 3 ಕೋಟಿಗೂ ಹೆಚ್ಚು ಜನರನ್ನು ನೋಡಿಕೊಳ್ಳುತ್ತವೆ. ಕೇಂದ್ರ ಎಲ್ಲಿ ಬೇಕು ಎಂಬುದನ್ನು ಅಲ್ಲಿ ಬಡತನದ ಪ್ರಮಾಣ, ಶಿಶುಮರಣ, ವೃದ್ಧರ ಸಂಖ್ಯೆ, ಜನಸಂಖ್ಯೆಗೆ ಎಷ್ಟು ವೈದ್ಯರು ಎಂಬ ಅಂಶಗಳಿಂದ ಅಳೆಯುತ್ತಾರೆ. ವೈದ್ಯರು ಕಡಿಮೆ ಇರುವುದು ಅಲ್ಲಿ ಕೇಂದ್ರ ತೆರೆಯಲು ಕಾರಣ. ಜೊತೆಗೆ ಕೇಂದ್ರದ ಆಡಳಿತ ಮಂಡಳಿಯಲ್ಲಿ ಶೇ 51ರಷ್ಟು ಸದಸ್ಯರು ಅಲ್ಲಿ ಚಿಕಿತ್ಸೆ ಪಡೆಯುವ ರೋಗಿಗಳೇ ಆಗಿರಬೇಕೆಂದು ಕಾನೂನಿದೆ. ನಮ್ಮ ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಎಷ್ಟು ಬಾಣಂತಿಯರ, ಎಷ್ಟು ಕೂಲಿ ಹೆಂಗಸರ ದನಿ ಕೇಳುತ್ತದೆ? ತಜ್ಞರನ್ನು ಎತ್ತುವ ಮುನ್ನ ಯಾವ ಸಮಿತಿಯನ್ನು ಕೇಳಲಾಯಿತು?

ಆರೋಗ್ಯ ಸಚಿವರಲ್ಲಿ ನನ್ನ ಬೇಡಿಕೆ ಇಷ್ಟು. ಒಂದೇ ಒಂದು ಕೇಂದ್ರದಿಂದ ತಜ್ಞರನ್ನು ಕದಲಿಸುವ ಮೊದಲು ಆ ಕೇಂದ್ರದ ವಿವರವನ್ನು ಜನರ ಮುಂದಿಡಿ: ಮಂಜೂರಾದ ತಜ್ಞ ಹುದ್ದೆ ಎಷ್ಟು, ಕಳೆದ ಐದು ವರ್ಷಗಳಲ್ಲಿ ಎಷ್ಟು ತಿಂಗಳು ಖಾಲಿ ಇತ್ತು, ರಕ್ತ ಸಂಗ್ರಹ ಘಟಕ ನಡೆಯುತ್ತಿತ್ತೇ, ವೈದ್ಯರಿಗೆ ವಾಸಕ್ಕೆ ಕ್ವಾರ್ಟರ್ಸ್ ಇತ್ತೇ, ಕೊನೆಯ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಸಮಯ. ಹುದ್ದೆ ಖಾಲಿ ಇದ್ದುದರಿಂದ ಹೆರಿಗೆ ತಗ್ಗಿದ ಕೇಂದ್ರಕ್ಕೆ ಮೊದಲು ಇಬ್ಬರು ಪ್ರಸೂತಿ ತಜ್ಞರನ್ನೂ ಇಬ್ಬರು ಅರಿವಳಿಕೆ ತಜ್ಞರನ್ನೂ ಕೊಡಿ. ಎರಡು ವರ್ಷ ಕಾಯಿರಿ, ಆಮೇಲೆ ಎಣಿಸಿ. ಹೊಸ ತಾಲ್ಲೂಕುಗಳ ಮತ್ತು ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಕೇಂದ್ರಗಳನ್ನು ತಜ್ಞರನ್ನು ಎತ್ತುವ ಪಟ್ಟಿಯಿಂದ ಪೂರ್ತಿ ಹೊರಗಿಡಿ.

ಓದುಗರಲ್ಲೂ ಒಂದು ಮಾತು. ನಿಮ್ಮ ಹೋಬಳಿಯ ಕೇಂದ್ರ ಈ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಅದನ್ನು ವಿರೋಧಿಸಿ ನಿರ್ಣಯ ಮಾಡಿಸಿ, ನಡಾವಳಿಯಲ್ಲಿ ಬರೆಸಿ, ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ.