ಕಂಬಿ ಅಂದರೆ ಯಾವ ಕಂಬಿ?

ತ್ಯಾಗರಾಜನಗರದ ನಮ್ಮ ಮನೆ ಹಳೇದು, ಮಹಡಿ ಮೆಟ್ಟಿಲು ಕಡಿದು. ಹೋದ ವರ್ಷ ನಮ್ಮತ್ತೆ ಮೂರನೇ ಮೆಟ್ಟಿಲಿನಿಂದ ಜಾರಿ ಮಣಿಕಟ್ಟು ಮುರ್ಕೊಂಡರು. ಮಾರನೇ ವಾರವೇ ವೆಲ್ಡಿಂಗ್‌ನವರನ್ನು ಕರೆದು, "ಮೆಟ್ಟಿಲಿಗೆ ಕಂಬಿ ಹಾಕ್ಕೊಡಪ್ಪಾ" ಅಂದೆ. ಹಾಕಿಕೊಟ್ಟರು. ತೆರೆದ ಪಕ್ಕಕ್ಕೆ ಒತ್ತೊತ್ತಾಗಿ ಚೌಕ ಸರಳು, ಮೇಲೊಂದು ಚಪ್ಪಟೆ ಪಟ್ಟಿ. ಬೆಕ್ಕೂ ತೂರಲಾರದು ನಿಜ, ಆದರೆ ಮುಷ್ಟಿಗೆ ಹಿಡಿಯೋಣ ಅಂದರೆ ಪಟ್ಟಿಯ ಅಂಚು ಅಂಗೈಗೆ ಒತ್ತುತ್ತೆ.

"ಇದು ಜೈಲಿನ ಕಂಬಿ ಕಣಮ್ಮಾ. ನನಗೆ ಬೇಕಾಗಿದ್ದು ಬಸ್ಸಿನ ಕಂಬಿ" ಅಂದರು ಅತ್ತೆ.

ತಪ್ಪು ಅವನದಲ್ಲ, ನನ್ನ ಮಾತಿನದು. ಕಂಬಿ ಅನ್ನೋದು ಎಲ್ಲಕ್ಕೂ ಸಲ್ಲುವ ಪದ. ರೈಲು ಓಡೋದೂ ಕಂಬಿ ಮೇಲೆ, ಕಿಟಕಿಗಿರೋದೂ ಕಂಬಿ. ಸಿಕ್ಕಿಬಿದ್ದವನು ಕಂಬಿ ಎಣಿಸುತ್ತಾನೆ, ತಪ್ಪಿಸಿಕೊಂಡವನು ಕಂಬಿ ಕೀಳುತ್ತಾನೆ! ಸರಳು ಅಂದರೆ ಹಾಗಲ್ಲ, ಒಂದೊಂದೇ ಕಡ್ಡಿ. ಕಟಕಟೆ ಅಂದರೆ ಸುತ್ತುಗಟ್ಟಿದ ಇಡೀ ಚೌಕಟ್ಟು. ಈಗ ಪಾಪ, ಕೋರ್ಟಿನಲ್ಲಿ ಸಾಕ್ಷಿ ನಿಲ್ಲೋದಕ್ಕಷ್ಟೇ ಉಳಿದಿದೆ. ಹಳೇ ಮನೆಗಳ ಮರದ ಕಟಾಂಜನವನ್ನು ನಮ್ಮ ಮಕ್ಕಳು ಕೇಳಿಯೇ ಇಲ್ಲ. ಅತ್ತೆಗೆ ಬೇಕಾಗಿದ್ದಕ್ಕೆ 'ಕೈಪಿಡಿ' ಚೆನ್ನಾಗಿ ಒಪ್ಪುತ್ತಿತ್ತು. ಅದನ್ನು ಮಿಕ್ಸಿ ಜೊತೆ ಬರೋ ಪುಸ್ತಕಕ್ಕೆ ಕೊಟ್ಟುಬಿಟ್ಟಿದ್ದೇವೆ.

ಕಲ್ಲುಕೆಲಸದಲ್ಲಿ ಇಂಥ ಗೊಂದಲವಿಲ್ಲ. ಸಾಂಚಿಯ ಸ್ತೂಪದ ಸುತ್ತ ಇರೋ ಕಲ್ಲಿನ ಕಟಕಟೆ ಒಟ್ಟಾಗಿ ವೇದಿಕೆ. ಅದರಲ್ಲೇ ನಿಂತದ್ದು ಸ್ತಂಭ, ಅಡ್ಡ ತೂರಿಸಿದ್ದು ಸೂಚಿ, ತಲೆ ಮೇಲಿನ ದುಂಡು ಹಾಸು ಉಷ್ಣೀಷ, ಅಂದರೆ ಪೇಟ! ನಮ್ಮ ಬೇಲೂರಿನ ಗುಡಿಯಲ್ಲಿ ಬೆಳಕು ಸೋಸಿ ಬರೋ ಕಲ್ಲಿನ ಜಾಲರಿಗೆ ಜಾಲಂಧ್ರ ಅಂತಾರೆ. ಹಳೇ ಗುಡಿಗಳ ಮಂಟಪದ ಅಂಚಿನಲ್ಲಿ ಕೂತು ಬೆನ್ನು ಒರಗಿಸೋ ಕಟ್ಟೆಗೆ ಕಕ್ಷಾಸನ. ತಡೆಯೋದು ಬೇರೆ, ಸೋಸೋದು ಬೇರೆ, ಒರಗಿಸಿಕೊಳ್ಳೋದು ಬೇರೆ.

ಎರಡನೇ ಸಲ ಕರೆದಾಗ ನಾನು ಹೆಸರನ್ನೇ ಹೇಳಲಿಲ್ಲ, ಕೆಲಸ ಹೇಳಿದೆ. "ಗೋಡೆ ಕಡೆಗೆ ದುಂಡು ಪೈಪು. ಬೆರಳು ಸುತ್ತಿ ಬರೋ ಹಾಗೆ ಗೋಡೆಯಿಂದ ಎರಡಿಂಚು ದೂರ. ಕೊನೇ ಮೆಟ್ಟಿಲಿಗೆ ನಿಲ್ಲಿಸಬೇಡಿ, ಇನ್ನೊಂದು ಅಡಿ ಮುಂದಕ್ಕೆ ಬರಲಿ." ಮುಗೀತು ಅಂದುಕೊಂಡು ಕೈ ಬಿಡೋ ಕಡೆಯೇ ಅಲ್ಲವೇ ಕಾಲು ಜಾರೋದು?

"ಓ, ಹ್ಯಾಂಡ್‌ರೇಲಾ ಮೇಡಂ? ಮೊದಲೇ ಹೇಳೋದಲ್ವಾ!" ಅಂದ.

ಈ ಬೇಸಿಗೆಯಲ್ಲಿ ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತು ನಾನು ಮುಂದೆ ಹತ್ತಿದೆ. ಅತ್ತೆ ಪೈಪು ಹಿಡಿದು, ನಿಧಾನವಾಗಿ, ಉಪ್ಪು ಕಮ್ಮಿ ಅಂತ ಗೊಣಗುತ್ತಾ ಹಿಂದೆ ಬಂದರು.