ಗಂಜಿಯ ಗತ್ತು, ಬೆವರಿನ ಬೆಲೆ

ಸಭೆಗಳಲ್ಲಿ ಗಂಜಿ ಹಾಕಿದ ಬಿಳಿ ಅಂಗಿಗಳು ಸೆಟೆದು ಕೂಡುತ್ತವೆ. ಆ ಗಂಜಿ ಕಾಸಿದ ಕೈ ಯಾವುದೆಂದು ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ.

1564ರಲ್ಲಿ ಫ್ಲಾಂಡರ್ಸಿನ ಹೆಣ್ಣುಮಗಳೊಬ್ಬಳು ಲಂಡನ್ನಿಗೆ ಬಂದು, ಹಣ ಪಡೆದು ಗಂಜಿ ಹಾಕುವ ವಿದ್ಯೆ ಕಲಿಸಿದಳು. ಸಿರಿವಂತರ ಕೊರಳ ಸುತ್ತ ನೆರಿಗೆಯ ಪಟ್ಟಿಗಳು ಸೆಟೆದು ನಿಂತವು. ಬಗ್ಗಿ ದುಡಿಯುವವರು ಅದನ್ನು ತೊಡಲಾರರು; ಅದರ ದೊಡ್ಡಸ್ತಿಕೆಯೇ ಅದು!

ಅಮೆರಿಕದ ಟ್ರಾಯ್ ಪಟ್ಟಣ ಬಿಡಿ ಕಾಲರುಗಳಿಗೆ ಹೆಸರಾಯಿತು. ಕುದಿಯುವ ನೀರು, ಕಾದ ಇಸ್ತ್ರಿಗಳ ನಡುವೆ ಬೆಂದ ಹೆಣ್ಣುಮಕ್ಕಳು 1864ರಲ್ಲಿ ಕೇಟ್ ಮಲ್ಲಾನಿಯ ಮುಂದಾಳುತನದಲ್ಲಿ ಸಂಘ ಕಟ್ಟಿ, ಮುಷ್ಕರ ಹೂಡಿ, ಕೂಲಿಯನ್ನು ಶೇಕಡಾ 25ರಷ್ಟು ಏರಿಸಿಕೊಂಡರು. 1869ರ ಮುಷ್ಕರ ಸೋತಿತು. ಅಗ್ಗದ ಕಾಗದದ ಕಾಲರು ಮಾಲಿಕರ ಕೈಗೆ ಅಸ್ತ್ರವಾಗಿ ಸಿಕ್ಕಿತ್ತು.

ಗಂಜಿ ಬಡವನ ಹೊಟ್ಟೆಗೂ ಬೇಕು, ಮಗ್ಗದ ಹಾಸಿನ ನೂಲಿಗೂ ಬೇಕು. ಗಂಜಿ ಹತ್ತದ ನೂಲು ಹರಿಯುತ್ತದೆ. ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರಗಳ ನೇಕಾರರು ಇದನ್ನು ಬಲ್ಲರು. ಆದರೆ ಆ ಕಾಗದದ ಕಾಲರು ಈಗ ನಮ್ಮ ಪೇಟೆಗೂ ಬಂದಿದೆ: ಕೈಮಗ್ಗದ ಇಳಕಲ್ ಸೀರೆಯೆಂದು ಮಾರುವ ಯಂತ್ರಮಗ್ಗದ ನಕಲು.

ವ್ಯಾಪಾರಿ ಬಂಧುಗಳೇ, ನಕಲನ್ನು ಅಸಲೆಂದು ಮಾರಬೇಡಿರಿ. ಗಂಗಾವತಿಯ ಗಿರಣಿ ಕಾರ್ಮಿಕರೇ, ನೇಕಾರರ, ಮಡಿವಾಳರ ಕೂಗಿಗೆ ದನಿಗೂಡಿಸಿರಿ. ಬಟ್ಟೆ ಸೆಟೆದು ನಿಲ್ಲಲು ಗಂಜಿ ಸಾಕು. ದುಡಿಯುವವನು ನೆಟ್ಟಗೆ ನಿಲ್ಲಲು ಸಂಘ ಬೇಕು.