ಕೆಮ್ಮಿನ ಮಾತ್ರೆಯ ಗಿರಾಕಿ

ಮೆಡಿಕಲ್ ಶಾಪಿಗೆ ಬಂದ ಹುಡುಗ ಉಳಿದ ಗಿರಾಕಿಗಳು ಹೋಗಲಿ ಅಂತ ಕಾಯ್ತಾನೆ. ಬೇಕಾದದ್ದು ನಿರೋಧ್, ಕೊನೆಗೆ ಕೇಳೋದು ಕೆಮ್ಮಿನ ಮಾತ್ರೆ. ನಗಬೇಡಿ ಸ್ವಾಮಿ, ಜಾಹೀರಾತು ಬಂದ ಕೂಡಲೇ ಟೀವಿ ಚಾನೆಲ್ ತಿರುಗಿಸಿ ಈ ನಾಚಿಕೆ ಕಲಿಸಿದವರು ನಾವೇ. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ಕಂಡ ಮೈಸೂರು ಸೀಮೆ ಇದು!

ಮದುವೆಯಾದರೆ "ಮೊದಲು ಒಂದಾಗಲಿ" ಅನ್ನೋದು ಅತ್ತೆ. ಎರಡಾದ ಮೇಲೆ "ಆಪರೇಷನ್ ಮಾಡಿಸ್ಕೊಂಡ್ಬಿಡು" ಅನ್ನೋದು ತಾಯಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತೆಯರ ಪೈಕಿ ನೂರಕ್ಕೆ 57 ಮಂದಿಗೆ ಆಪರೇಷನ್ ಆಗಿತ್ತು. ಗಂಡಸರದ್ದು ಹೆಚ್ಚುಕಡಿಮೆ ಸೊನ್ನೆ.

ಕಾಪರ್-ಟಿ, ಅಂತರ ಇಂಜೆಕ್ಷನ್, ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಅಂತ ಮಗಳಿಗೆ ಹೇಳಿದ ಮನೆ ಎಷ್ಟು? ಗಂಡಸರ ಆಪರೇಷನ್ನೇ ಸುಲಭ ಕಣೋ ಅಂತ ಮಗನಿಗೆ ಹೇಳಿದ ಅಪ್ಪ ಯಾರಾದರೂ ಇದ್ದರೆ ನಮ್ಮ ಕಚೇರಿಗೆ ಬರಲಿ, ಕಾಫಿ ನಮ್ಮದು.